ಜೋಳದ ಹಿಟ್ಟಿನ ಡಬ್ಬಿಯಲ್ಲಿ ಫೋನು

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದೇನು ದೊಡ್ಡ ಗುಣ ಎಂದು ಹೇಳುತ್ತಿಲ್ಲ. ಈಜು ಬರುವುದಿಲ್ಲ, ಸೈಕಲ್ ಬರುವುದಿಲ್ಲ, ಹಾಗೇ ಇದೂ ಬರುವುದಿಲ್ಲ. ಅಂಥವಳ ಕೊರಳಿಗೆ ನಮ್ಮ ಬೀದಿಯ ಅಂಗಡಿಯಾಕೆ ಒಂದು ಪೂರ್ತಿ ದಿನದ ಸುಳ್ಳನ್ನು ಕಟ್ಟಿದಳು.

ಮಗಳು ಸ್ಯಾನ್ ಡಿಯೇಗೊದಲ್ಲಿದ್ದಾಳೆ. ಕರ್ನಿ ಮೆಸಾದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡನನ್ನು ಬಿಟ್ಟ ಮೇಲೆ, ಬಾಡಿಗೆ ಕಡಿಮೆ ಎಂದು ಸಿಟಿ ಹೈಟ್ಸ್ ಎಂಬಲ್ಲಿ ಮನೆ ಹಿಡಿದಳು. ಕೊರೊನಾ ತಗ್ಗಿ ವಿಮಾನ ಶುರುವಾದಾಗ ನನ್ನನ್ನು ಕರೆಸಿಕೊಂಡಳು. ಕನ್ನಡದವರು ಬಹಳ ಮಂದಿ ಇರುವುದು ದೂರ ಉತ್ತರಕ್ಕೆ, ರಾಂಚೊ ಬರ್ನಾರ್ಡೊ ಕಡೆ. ಯುಗಾದಿಗೊಮ್ಮೆ ಹೋಗಿ ಹೋಳಿಗೆ ಉಂಡು ಬರುತ್ತಿದ್ದೆವು. ಯಾರೋ ಒಬ್ಬಾಕೆ ಮಗಳನ್ನು ಎಲ್ಲರ ಮುಂದೆ "ಯಜಮಾನ್ರು ಬರ್ಲಿಲ್ವಾ?" ಎಂದು ಕೇಳಿದ ಮೇಲೆ ಅದೂ ನಿಂತಿತು.

ನಮ್ಮ ಬೀದಿಯಲ್ಲಿ ಸೊಮಾಲಿಯಾದವರು, ಇಥಿಯೋಪಿಯಾದವರು, ಎರಿಟ್ರಿಯಾದವರು. ಮೊದಮೊದಲು ನನಗೆ ಎಲ್ಲರೂ ಒಂದೇ ಆಗಿ ಕಾಣುತ್ತಿದ್ದರು. ಅವರಿಗೂ ನಾನು ಯಾವ ದೇಶದವಳೆಂದು ತಿಳಿಯುತ್ತಿರಲಿಲ್ಲ. ಲೆಕ್ಕ ಸರಿಹೋಯಿತು. ಬೆಳಿಗ್ಗೆ ಮಗಳು ಕಾರು ಹತ್ತಿದರೆ ಬರುವುದು ಸಂಜೆಗೇ. ನಾನು ನಾಲ್ಕನೇ ಇಯತ್ತೆ ಓದಿದವಳು, ಟಿವಿಯವರ ಮಾತು ಅರ್ಥವಾಗುವುದಿಲ್ಲ. ಕಿಟಕಿಯಲ್ಲಿ ನಿಂತರೆ ಕಾರು ನಿಲ್ಲಿಸುವ ಜಾಗ ಕಾಣುತ್ತದೆ. ಕಾರುಗಳನ್ನು ಎಷ್ಟು ನೋಡುವುದು?

ನಾನು ಬಂದ ವರ್ಷವೇ ಊರಿನಲ್ಲಿ ತಮ್ಮ ಹೋದ. ಸುದ್ದಿ ಫೋನಿನಲ್ಲಿ ಬಂತು. ಕುಕ್ಕರ್ ಇಟ್ಟಿದ್ದೆ. ಅವನ ಮಗ "ಅತ್ತೀ, ಅಪ್ಪ ಹೋದ" ಎಂದ. ಅಲ್ಲಿ ಹಿಂದೆ ಮಂದಿ ಅಳುವುದು ಕೇಳುತ್ತಿತ್ತು. ಆಮೇಲೆ ಫೋನು ಕಟ್ಟಾಯಿತು. ಮಗಳಿಗೆ ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದಳು, ಎತ್ತಲಿಲ್ಲ. ಕುಕ್ಕರ್ ಮೂರು ಸಲ ಕೂಗಿತು. ಎದ್ದು ಆರಿಸಿದೆ. ಅನ್ನ ಬೆಂದಿತ್ತು. ಸಂಜೆಯವರೆಗೆ ಹಾಗೇ ಕುಳಿತೆ.

ಕೆಳಗಿನ ಮನೆಯಲ್ಲಿ ಒಬ್ಬಾಕೆ ಇದ್ದಳು. ಇಥಿಯೋಪಿಯಾದವಳು, ಐವತ್ತು ದಾಟಿದ್ದಳು, ಒಬ್ಬಳೇ. ಸಮುದ್ರದ ಹತ್ತಿರದ ಹೋಟೆಲಿನಲ್ಲಿ ರೂಮು ಕ್ಲೀನ್ ಮಾಡುವ ಕೆಲಸ, ಮಧ್ಯಾಹ್ನದ ಮೇಲೆ ಹೋಗುತ್ತಿದ್ದಳು. ಶುಕ್ರವಾರ ರಜೆ. ನಮ್ಮಿಬ್ಬರಿಗೆ ಗುರುತಾದದ್ದು ಗುರೆಳ್ಳಿನಿಂದ. ಊರಿಂದ ತಂದ ಗುರೆಳ್ಳನ್ನು ಹುರಿಯುತ್ತಿದ್ದೆ, ಬಾಗಿಲು ಬಡಿದಳು. ಹೊಗೆಗೆ ಬೈಯಲು ಬಂದಳೆಂದು ತಿಳಿದೆ. ಸೀದಾ ಒಳಗೆ ಬಂದು, ಬಾಣಲೆಗೆ ಮೂಗು ಇಟ್ಟು, "ನೂಗ್! ನೂಗ್!" ಎಂದು ಕುಣಿದಳು. ಅವರ ದೇಶದಲ್ಲೂ ಗುರೆಳ್ಳು ಬೆಳೆಯುತ್ತಾರಂತೆ. ಉಪವಾಸದ ದಿನ ಅದನ್ನು ಅರೆದು ಹಾಲು ತೆಗೆಯುತ್ತಾರಂತೆ.

ನಾವು ಮಾಂಸ ಮುಟ್ಟುವವರಲ್ಲ, ಅವರು ತಿನ್ನುವವರು. ಆದರೆ ಅವಳ ಧರ್ಮದಲ್ಲಿ ಬುಧವಾರ, ಶುಕ್ರವಾರ ಉಪವಾಸ. ಆ ದಿನ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಹಾಗಾಗಿ ಬುಧವಾರ ನಾನು ಅವಳ ಮನೆಯಲ್ಲಿ ಉಣ್ಣುತ್ತಿದ್ದೆ, ಶುಕ್ರವಾರ ಅವಳು ನಮ್ಮ ಮನೆಯಲ್ಲಿ. ಅವಳ ಇಂಜೆರಾ ಎಂದರೆ ಜಾಸ್ತಿ ಹುಳಿ ಬಂದ ದೋಸೆ. ಅದನ್ನು ಅವಳ ಎದುರಿಗೇ ಹೇಳಿದೆ. ಅವಳು ನನ್ನ ರೊಟ್ಟಿಯನ್ನು ಹಿಡಿದು ಗೋಡೆಗೆ ತಟ್ಟಿ ಸದ್ದು ಮಾಡಿ ತೋರಿಸಿದಳು.

ನಮ್ಮಿಬ್ಬರ ಇಂಗ್ಲಿಷ್ ಕೂಡಿಸಿದರೂ ಒಂದು ಇಡೀ ಮಾತಾಗುತ್ತಿರಲಿಲ್ಲ. ಕೈ, ಕಣ್ಣು ಸೇರಿಸಿ ಆಡುತ್ತಿದ್ದೆವು. ನಾನು ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ನನ್ನನ್ನು ಎಮಾಮಾ ಎಂದು ಕರೆಯುತ್ತಿದ್ದಳು. ಅವರಲ್ಲಿ ಮುದುಕಿಯರನ್ನು ಹಾಗೆ ಕರೆಯುವುದು.

ಮಾತಾಡಿದರೆ ಅರ್ಧ ಮಾತು ತಾಯಿಯದೇ. ತಾಯಿ ಹಳ್ಳಿಯಲ್ಲಿ, ಕಾಲು ಬಿದ್ದುಹೋಗಿದೆ, ಆದರೆ ನಾಲಿಗೆ ಗಟ್ಟಿ. ಶುಕ್ರವಾರಕ್ಕೊಮ್ಮೆ ಫೋನ್ ಮಾಡಿದರೆ ಮೊದಲು ಬೈಗುಳ, ಆಮೇಲೆ ಹರಕೆ. ಕಾಗದಪತ್ರದ ತೊಡಕಿನಿಂದ ಎಷ್ಟೋ ವರ್ಷ ಇವಳಿಗೆ ಹೋಗಲು ಆಗಿರಲಿಲ್ಲ. ಕಡೆಗೆ ಅದು ಸರಿಹೋಗಿ, ಬರುವ ಚಳಿಗಾಲಕ್ಕೆ ಹೋಗುವುದು ಎಂದಾಗಿತ್ತು. ತಾಯಿಗೆಂದು ನೀಲಿ ಉಣ್ಣೆಯ ಶಾಲು ತಂದಿಟ್ಟಿದ್ದಳು.

ಆ ಗುರುವಾರ ಸಂಜೆ ಅಂಗಡಿಯಾಕೆ ಬಂದಳು. ನಮ್ಮ ಬೀದಿಯ ತುದಿಯಲ್ಲಿ ಅವರ ದೇಶದ ಹಿಟ್ಟು, ಮಸಾಲೆ, ಕಾಫಿಬೀಜ ಮಾರುವ ಅಂಗಡಿ ಇದೆ, ಅದರ ಯಜಮಾನಿ. ದಪ್ಪನೆಯ ಹೆಂಗಸು, ಯಾರಿಗೂ ಹೆದರುವವಳಲ್ಲ. ಆ ಜನರಲ್ಲಿ ಸತ್ತರೆ, ಹೆತ್ತರೆ, ಮದುವೆಯಾದರೆ ಅವಳೇ ಮುಂದೆ. ಮಗಳೂ ಮನೆಯಲ್ಲಿದ್ದಳು. ಅಂಗಡಿಯಾಕೆ ಬಾಗಿಲು ಹಾಕಿ, ನಿಂತೇ ಹೇಳಿದಳು. ಮಗಳು ಕನ್ನಡ ಮಾಡಿದಳು.

ಕೆಳಗಿನ ಮನೆಯಾಕೆಯ ತಾಯಿ ತೀರಿಕೊಂಡಿದ್ದಳು. ಅಲ್ಲಿಂದ ಯಾರೂ ಇವಳಿಗೆ ಹೇಳಿರಲಿಲ್ಲ. ಲಾಸ್ ಏಂಜಲೀಸಿನಲ್ಲಿರುವ ಅಣ್ಣನಿಗೆ ಹೇಳಿದ್ದರು, ಅಣ್ಣ ಅಂಗಡಿಯಾಕೆಗೆ ಹೇಳಿದ್ದ. ಶನಿವಾರ ಬೆಳಿಗ್ಗೆ ಅಣ್ಣ, ಪಾದ್ರಿ, ಊರವರು ಎಲ್ಲ ಕೂಡಿ ಬಂದು ಬಾಗಿಲಲ್ಲಿ ನಿಂತು ಹೇಳುತ್ತಾರೆ. ಇದಕ್ಕೆ ಮೆರ್ದೊ ಎನ್ನುತ್ತಾರೆ. ಸಾವಿನ ಸುದ್ದಿಯನ್ನು ಒಬ್ಬರೇ ಇದ್ದಾಗ ಕಿವಿಗೆ ಹಾಕಬಾರದು.

"ನಾಳೆ ಶುಕ್ರವಾರ, ಆಕಿ ನಿನ್ನ ಹತ್ರ ಇರ್ತಾಳ. ಫೋನ್ ಮುಟ್ಟಾಕ ಬಿಡಬ್ಯಾಡ. ಫೇಸ್‌ಬುಕ್ಕಿನ್ಯಾಗ ಯಾವನರೆ ಹುಚ್ಚ ಫೋಟೋ ಹಾಕಿದ್ರ ಮುಗೀತು," ಎಂದಳು.

ನಾನು ಒಪ್ಪಲಿಲ್ಲ. "ಹಡೆದಾಕಿ ಸತ್ತಾಳ. ಮಗಳಿಗೆ ಮೊದಲ ಹೇಳಬೇಕು. ಮುಚ್ಚಿಡೂದು ಮೋಸ. ನಾಳೆ ಬಂದು ಕುಂತ ಕೂಡ್ಲೇ ನಾ ಹೇಳಾಕಿ."

ಅಂಗಡಿಯಾಕೆ ಸಿಟ್ಟಾಗಲಿಲ್ಲ. "ನಿನಗ ಇಂಥಾ ಸುದ್ದಿ ಬಂದಾಗ ಬಾಜೂಕ ಯಾರಿದ್ರು?" ಎಂದು ಕೇಳಿದಳು.

"ಕುಕ್ಕರ್ ಇತ್ತು," ಎಂದೆ.

ಮಗಳು ಅದನ್ನು ಇಂಗ್ಲಿಷ್ ಮಾಡಲಿಲ್ಲ. ಕುಕ್ಕರ್ ಎಂಬುದು ಇಂಗ್ಲಿಷೇ, ಅಂಗಡಿಯಾಕೆಗೆ ತಿಳಿಯಿತು. "ಹಂಗಾರ ಸುಮ್ಮನಿರು," ಎಂದು ಹೊರಟುಹೋದಳು.

ಶುಕ್ರವಾರ ಬೆಳಿಗ್ಗೆ ಕೆಳಗಿನ ಮನೆಯಾಕೆ ಕಾಫಿಯ ಮಣ್ಣಿನ ಹೂಜಿ ಹಿಡಿದುಕೊಂಡು ಬಂದಳು. ಹಸಿ ಬೀಜ ತಂದು ನಮ್ಮ ಒಲೆಯ ಮೇಲೇ ಹುರಿಯುತ್ತಿದ್ದಳು. ಚಾವಣಿಯ ಹೊಗೆಯ ಗಂಟೆ ಕೂಗಿಕೊಂಡರೆ ನಾನು ಕುರ್ಚಿ ಹತ್ತಿ ಟವಲು ಬೀಸಬೇಕು. ಅಂದೂ ಬೀಸಿದೆ. ಮೊದಲ ಸುತ್ತಿನ ಕಾಫಿ ಕುಡಿದಳು. ಫೋನನ್ನು ಕಟ್ಟೆಯ ಮೇಲೆ ಇಟ್ಟು, "ಎಮಾಮಾ, ಬಾತ್‌ರೂಮಿಗೆ ಹೋಗಿ ಬರ್ತೀನಿ. ಬಂದು ಅವ್ವಗ ಹಚ್ಚೂಣು. ಇವತ್ತ ನಿನ್ನೂ ಮಾತಾಡಸ್ತೀನಿ," ಎಂದಳು.

ಅವಳು ಅತ್ತ ಹೋದ ಕೂಡಲೇ ಫೋನು ತೆಗೆದೆ. ಎಲ್ಲಿಡುವುದು? ಕಪಾಟು ತೆಗೆದರೆ ಕಿರ್ ಎನ್ನುತ್ತದೆ. ಜೋಳದ ಹಿಟ್ಟಿನ ಡಬ್ಬಿ ತೆರೆದೇ ಇತ್ತು. ಒಳಗೆ ತಳದವರೆಗೆ ತುರುಕಿ, ಮೇಲೆ ಹಿಟ್ಟು ಎಳೆದು, ರೊಟ್ಟಿ ಬಡಿಯಲು ನಿಂತೆ.

ಬಂದಳು. "ಫೋನ್ ಇಲ್ಲೇ ಇಟ್ಟಿದ್ನಲ್ಲಾ?"

ನಾನು ಹಿಟ್ಟು ನಾದಿದೆ.

"ಎಮಾಮಾ, ನೋಡಿಯೇನು?"

"ರೊಟ್ಟಿ ನೋಡ್ಲ್ಯೋ, ನಿನ್ನ ಫೋನ್ ನೋಡ್ಲ್ಯೋ?" ಎಂದೆ. ಅದು ಸುಳ್ಳಲ್ಲ. ಪ್ರಶ್ನೆ.

ಸೋಫಾ ಎತ್ತಿದಳು, ಹೂಜಿಯೊಳಗೆ ಬಗ್ಗಿ ನೋಡಿದಳು. ನನ್ನ ಫೋನನ್ನು ಬೆಳಿಗ್ಗೆಯೇ ಮಗಳು ಆಫೀಸಿಗೆ ಒಯ್ದಿದ್ದಳು, ಅದರಿಂದ ಹಚ್ಚುವ ಹಾಗೂ ಇರಲಿಲ್ಲ. ಆಗ ಡಬ್ಬಿಯೊಳಗೆ ಅದು ರಿಂಗಾಗಲು ಶುರುವಾಯಿತು. ಹಿಟ್ಟಿನಲ್ಲಿ ಹೂತ ಸದ್ದು, ಬಾವಿಯಲ್ಲಿ ಕಪ್ಪೆ ಕೂಗಿದ ಹಾಗೆ. ನಾನು ಮಿಕ್ಸಿಗೆ ಗುರೆಳ್ಳು ಸುರಿದು ಗುಂಡಿ ತಿರುಗಿಸಿದೆ. ಪುಡಿ ಗಂಧದಷ್ಟು ನುಣ್ಣಗಾದರೂ ನಿಲ್ಲಿಸಲಿಲ್ಲ. ಅವಳು ಕಿವಿ ಮುಚ್ಚಿಕೊಂಡು, "ನಿನ್ನ ಚಟ್ನಿ ಸತ್ತು ಹೋತು, ಬಿಡು ಎಮಾಮಾ!" ಎಂದು ಕೂಗಿದಳು.

ಬಟ್ಟೆ ಒಗೆಯುವ ಮಿಷನ್ನಿನ ಖೋಲಿಯಲ್ಲಿ ಮರೆತಿರಬೇಕೆಂದು ಕೆಳಗೆ ಹೋದಳು. ನಾನೂ ಹೋದೆ. ಒಂದೊಂದು ಮಿಷನ್ನಿನೊಳಗೆ ಅವಳ ಜೊತೆ ತಲೆ ಹಾಕಿ ಹುಡುಕಿದೆ. ಬಾಯಿಂದ ಹೇಳದ ಸುಳ್ಳನ್ನು ಮೈಯಿಂದ ಆಡಿದೆ. ಅದು ಇನ್ನೂ ಕಷ್ಟ.

ಮೇಲೆ ಬಂದು ಕುಳಿತಳು. ಅವರಲ್ಲಿ ಕಾಫಿ ಮೂರು ಸುತ್ತು ಆಗಬೇಕು, ಮೂರನೆಯದು ಹರಕೆಯದು. ಎರಡನೆಯದನ್ನು ಬಗ್ಗಿಸಿಕೊಂಡು ಹೇಳಿದಳು: "ಅವ್ವ ದಾರಿ ನೋಡ್ತಿರ್ತಾಳ. ಕಳ್ಳಿ, ಮರ್ತಿ ಅಂತ ಬೈತಿರ್ತಾಳ. ಶಾಲಿನ ಬಣ್ಣ ಹೇಳಿಲ್ಲ ನಾ. ನೀಲಿ ಅಂದ್ರ ಆಕಿಗೆ ಸೇರೂದಿಲ್ಲ. ಆದ್ರೂ ಹೊದ್ಕೋತಾಳ, ನಾ ತಂದಿದ್ದಲ್ಲಾ."

ಸತ್ತವಳು ಹೊದ್ದುಕೊಳ್ಳುತ್ತಾಳೆ, ಬೈಯುತ್ತಾಳೆ, ದಾರಿ ನೋಡುತ್ತಾಳೆ. ನಾನು ಕೇಳುತ್ತ ಕುಳಿತೆ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ನನಗೆ ಹಗುರ. ಹೇಳಿದರೆ ಅವಳು ಬೀಳುತ್ತಾಳೆ. ನನ್ನ ಮೊಣಕಾಲು ಹೇಗಿದೆಯೆಂದರೆ, ಬಿದ್ದವಳನ್ನು ಎತ್ತುವುದಿರಲಿ, ನಾನು ಕುಳಿತಲ್ಲಿಂದ ಏಳಲು ಗೋಡೆ ಬೇಕು. ಅದಕ್ಕೇ ಅವರು ಮಂದಿ ಕೂಡಿ ಬರುವುದು ಎಂದು ಆಗ ತಲೆಗೆ ಹೋಯಿತು. ಬಾಯಿಗೆ ಬಿಸಿ ಕಾಫಿ ಸುರಿದುಕೊಂಡೆ. ನಾಲಿಗೆ ಸುಟ್ಟಿತು. ಒಳ್ಳೆಯದೇ ಆಯಿತು.

ಮೂರನೆಯದನ್ನೂ ಕುಡಿದೆ. ಸಂಜೆ ಉಂಡು, ಫೋನಿಲ್ಲದೆ ಕೆಳಗಿಳಿದು ಹೋದಳು. ಮಗಳು ಬಂದ ಮೇಲೆ ಡಬ್ಬಿಯಿಂದ ಅದನ್ನು ತೆಗೆದು ಒರೆಸಿ ಕೊಟ್ಟೆ. "ಯವ್ವಾ, ಹಿಟ್ಟು ಒಳಗ ಹೋಗಿ ಕೆಟ್ಟಿದ್ರ?" ಎಂದಳು. ಕೆಡಲಿ ಎಂದೆ.

ಶನಿವಾರ ಬೆಳಕು ಹರಿಯುವಾಗ ಕಿಟಕಿಯಲ್ಲಿ ನೋಡಿದೆ. ಕಾರುಗಳು ಬಂದು ನಿಲ್ಲುತ್ತಿದ್ದವು. ಇಳಿದವರು ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚುತ್ತಿದ್ದರು. ಹೆಂಗಸರೆಲ್ಲ ತಲೆಯ ಮೇಲೆ ಬಿಳಿ ಬಟ್ಟೆ ಹೊದ್ದಿದ್ದರು. ಟ್ಯಾಕ್ಸಿ ಓಡಿಸುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹಾಗೇ ಬಂದವರು, ಕೋಲೂರುವ ಮುದುಕರು. ನಾನೂ ಬಿಳಿ ಪಂಚೆಯೊಂದನ್ನು ಹೊದ್ದು ಇಳಿದೆ. ಅಂಗಡಿಯಾಕೆ ನನ್ನನ್ನು ರಟ್ಟೆ ಹಿಡಿದು ಮುಂದೆ ನಿಲ್ಲಿಸಿದಳು.

ಅಣ್ಣ ಬಾಗಿಲು ಬಡಿದ. ಅವಳು ತೆಗೆದಳು. ಅಣ್ಣನನ್ನು ನೋಡಿದಳು, ಪಾದ್ರಿಯನ್ನು ನೋಡಿದಳು, ಅವರ ಹಿಂದೆ ಮೆಟ್ಟಿಲ ತುಂಬ ಬಿಳಿ ಬಟ್ಟೆಯನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಕೂಗಿದಳು. ಬೀಳಲು ಬಿಡಲಿಲ್ಲ ಅವರು. ಆ ಕಡೆ ಈ ಕಡೆ ಹಿಡಿದುಕೊಂಡು, ಅವಳ ಜೊತೆಗೇ ಕೂಗಿದರು.

ಮೂರು ದಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಲೆ ಹಚ್ಚಲಿಲ್ಲ, ಮನೆಮನೆಯಿಂದ ಪಾತ್ರೆಗಳು ಬಂದವು. ನನಗೆಂದು ಬೇಳೆ, ಸೊಪ್ಪು ಬೇರೆ ತಟ್ಟೆಯಲ್ಲಿ ಬರುತ್ತಿತ್ತು. ಮಾಂಸ ಮುಟ್ಟುವುದಿಲ್ಲವೆಂದು ನಾನು ಯಾರಿಗೂ ಹೇಳಿದ ನೆನಪಿಲ್ಲ. ಎರಡನೆಯ ದಿನ ಅವಳು ನನ್ನ ಕೈ ಹಿಡಿದು ಕೇಳಿದಳು.

"ಫೋನ್ ನಿನ್ನ ಹತ್ರ ಇತ್ತಾ?"

"ಇತ್ತು."

"ಎಲ್ಲಿ?"

"ಜೋಳದ ಹಿಟ್ಟಿನ್ಯಾಗ."

ಅಳುತ್ತಲೇ ನಕ್ಕಳು. ನಕ್ಕು ಮತ್ತೆ ಅತ್ತಳು. ಸಿಟ್ಟಾಗಿರಬಹುದು ಎಂದುಕೊಂಡಿದ್ದೆ, ಆಗಿರಲಿಲ್ಲ.

ನಾಲ್ಕನೆಯ ದಿನ ಅಣ್ಣ ಅವಳನ್ನು ಲಾಸ್ ಏಂಜಲೀಸಿಗೆ ಕರೆದುಕೊಂಡು ಹೋದ. ನಲವತ್ತನೆಯ ದಿನದ ಊಟಕ್ಕೆ ಅಂಗಡಿಯಾಕೆಯ ಕಾರಿನಲ್ಲಿ ನಾನೂ ಹೋದೆ. ಚರ್ಚಿನ ಹಾಲು ತುಂಬಿತ್ತು. ಅವಳು ನೀಲಿ ಶಾಲು ಹೊದ್ದು ಬಡಿಸುತ್ತಿದ್ದಳು. ಅಣ್ಣನ ಮನೆಯಲ್ಲೇ ಇರುತ್ತೇನೆ, ಅಲ್ಲೇ ಕೆಲಸ ಸಿಕ್ಕಿದೆ ಎಂದಳು. ಒಳ್ಳೆಯದು ಎಂದೆ. ಇನ್ನೇನು ಹೇಳುವುದು? ಕೆಳಗಿನ ಮನೆಗೆ ಗಂಡ ಹೆಂಡತಿ ಬಂದರು, ಒಂದು ನಾಯಿ ಇದೆ. ನಾಯಿ ನನ್ನನ್ನು ನೋಡಿ ಬೊಗಳುತ್ತದೆ. ಅವರು ಸಾರಿ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಬುಧವಾರ ಈಗ ಬರೀ ಬುಧವಾರ.

ನನ್ನ ಅಕ್ಕ ಗದಗಿನಲ್ಲಿದ್ದಳು, ಹಾಸಿಗೆ ಹಿಡಿದಿದ್ದಳು. ಒಂದು ದಿನ ಮಗಳಿಗೆ ಹೇಳಿದೆ. "ಅಕ್ಕನ ಸುದ್ದಿ ಬಂದ್ರ ನನಗ ಫೋನಿನ್ಯಾಗ ಹೇಳಬ್ಯಾಡ. ನಾಕು ಮಂದೀನ ಕರ್ಕೊಂಡು ಬಂದು ಹೇಳು."

ಮಗಳು ಬೆರಳು ಮಡಿಸಿ ಎಣಿಸಿ ನೋಡಿದಳು. "ಯಾರನ್ನ ಕರ್ಕೊಂಡು ಬರ್ಲಿ, ಯವ್ವಾ?" ಎಂದಳು. ವ್ಯಂಗ್ಯವಲ್ಲ. ನಿಜವಾಗಿಯೂ ಕೇಳಿದಳು. ನಾನೂ ಲೆಕ್ಕ ಹಾಕಿದೆ. ಅಂಗಡಿಯಾಕೆ ಮೊಮ್ಮಗು ಹುಟ್ಟಿತೆಂದು ಲಾಂಗ್ ಬೀಚಿನ ಮಗನ ಮನೆಗೆ ಹೋಗಿ ಕುಳಿತಿದ್ದಳು. ರಾಂಚೊ ಬರ್ನಾರ್ಡೊದವರು ಶನಿವಾರ ಬಿಟ್ಟು ಬೇರೆ ದಿನ ಸಿಗುವುದಿಲ್ಲ.

ಈ ವರ್ಷ, ಒಂದು ದಿನ ನಡು ಬೆಳಿಗ್ಗೆ ಬೆಲ್ ಆಯಿತು. ತೆಗೆದೆ. ಮಗಳು ನಿಂತಿದ್ದಳು. ಆಫೀಸಿನ ಬಟ್ಟೆ, ಕೊರಳಲ್ಲಿ ಆಫೀಸಿನ ಕಾರ್ಡು, ಕೈಯಲ್ಲಿ ಮನೆಯ ಕೀಲಿ. ಕೀಲಿ ಇದ್ದೂ ಬೆಲ್ ಹೊಡೆದಿದ್ದಳು. ನಾನು ಅವಳ ಹಿಂದೆ ನೋಡಿದೆ. ಮೆಟ್ಟಿಲು ಖಾಲಿ.

"ಯಾರೂ ಸಿಗಲಿಲ್ಲ," ಎಂದಳು.

ತಿಳಿಯಿತು. ಬಾ ಎಂದೆ. ಕುಕ್ಕರ್ ಇನ್ನೂ ಕೂಗಿರಲಿಲ್ಲ, ಹೋಗಿ ಒಲೆ ಆರಿಸಿದೆ. ಇಬ್ಬರೂ ನೆಲದ ಮೇಲೆ ಕುಳಿತೆವು. ಅವಳು ನನ್ನ ರಟ್ಟೆ ಹಿಡಿದುಕೊಂಡಿದ್ದಳು, ಆ ಹೆಂಗಸರು ಹಿಡಿದುಕೊಂಡ ಹಾಗೆ, ಆದರೆ ಒಂದೇ ಕಡೆಯಿಂದ. ಆಮೇಲೆ ಕೇಳಿದಳು.

"ಲಾಸ್ ಏಂಜಲೀಸಿನಾಕಿಗೆ ಫೋನ್ ಹಚ್ಚಲಿ?"

"ಬ್ಯಾಡ," ಎಂದೆ. "ಆಕಿ ಅಲ್ಲಿ ಒಬ್ಬಾಕೀನೇ ಇದ್ರ?"