ಅರ್ಲೀನಾ ಚಿಕ್ಕಮ್ಮನ ಪಾಪಾವ್ ತೋಪು

ಅಣೆಕಟ್ಟಿನ ನೀರು ಕೆಂಟಕಿಯ ತವರಿನ ಕಣಿವೆಯನ್ನು ಮುಳುಗಿಸುವ ಮೊದಲು ಅರ್ಲೀನಾ ಚಿಕ್ಕಮ್ಮ ಅಲ್ಲಿಂದ ತಂದದ್ದು ಹಳ್ಳದ ದಂಡೆಯ ಒಂದು ಬೇರುಸಸಿ. ಎಲೆಯುದುರಿದ ಕಾಲ, ಬರೀ ಕಡ್ಡಿ. ನೆಟ್ಟದ್ದು ಚಿಗುರಿದ ಮೇಲೆ ಎಲೆಯನ್ನು ಹಿಸುಕಿ ಮೂಸಿದಳು. ಹಸಿ ದೊಣ್ಣೆಮೆಣಸಿನಕಾಯಿಯ ಘಾಟು. ಪಾಪಾವ್ ಹಣ್ಣಿನ ಮರವೇ. ಅವಳ ಅಮ್ಮನ ಮರದ್ದೇ.

ಸಸಿ ಬೇರಿನಿಂದ ಮರಿಯೊಡೆದು ಕೊಟ್ಟಿಗೆಯ ಹಿಂದೆ ತೋಪಾಯಿತು. ಪ್ರತಿ ವಸಂತದಲ್ಲೂ ಎಲೆಗೆ ಮುಂಚೆ ಕಡುಗೆಂಪು ಹೂಗಳು ತೂಗುತ್ತಿದ್ದವು, ಕಾಯಿ ಕಟ್ಟದೆ ಉದುರುತ್ತಿದ್ದವು. ಆ ಹೂವಿಗೆ ಬರುವುದು ಜೇನಲ್ಲ, ನೊಣ. ಚಿಕ್ಕಮ್ಮ ಕೊಂಬೆಗಳಿಗೆ ಮೀನಿನ ತಲೆ ಕಟ್ಟಿದಳು.

ಪಕ್ಕದ ಗುಡ್ಡದ ಮುದುಕ ಹೋಬರ್ಟ್ ಮೂಗು ಮುಚ್ಚಿಕೊಂಡು ಬಂದ. "ಯಾರು ಸತ್ರು ಅರ್ಲೀನಾ?"

"ಯಾರೂ ಇಲ್ಲ. ನೀನಿನ್ನೂ ಬದುಕಿದ್ದೀಯಲ್ಲ, ಅದೇ ಸಂಕಟ."

ಅವನು ನಗುತ್ತ ತೋಪನ್ನೊಮ್ಮೆ ಸುತ್ತಿದ. "ಇದೆಲ್ಲಾ ಒಂದೇ ಬೇರಿನ ಮರ. ತನ್ನ ಹೂವಿನ ಹುಡಿ ತನಗೇ ಹಿಡಿಯಲ್ಲ. ನನ್ನ ಮರದ ಹುಡಿ ತಂದು ಸವರು."

"ನಿಂದು ಬೆರೆತ್ರೆ ಅಮ್ಮನ ಹಣ್ಣು ಹೇಗಾಗುತ್ತೋ? ನಿನ್ನ ಹಣ್ಣು ಬೇಕಿದ್ರೆ ಬುಟ್ಟಿ ಹಿಡ್ಕೊಂಡು ನಿನ್ನ ಬಾಗ್ಲಿಗೇ ಬರ್ತಿದ್ದೆ."

"ನಿನ್ನ ಮಗ ಥೇಟ್ ಗಂಡನ ಹಾಗೆ ಹುಟ್ಟಿದ. ಅದಕ್ಕೆ ನೀನೇನು ಬೇರೆಯವಳಾದ್ಯಾ? ತಿರುಳು ತಾಯಿಮರದ್ದೇ ಕಣೇ. ಬೀಜದೊಳಗೆ ಮಾತ್ರ ನಂದು."

ಚಿಕ್ಕಮ್ಮ ಬಾಗಿಲು ಹಾಕಿಕೊಂಡಳು. ಅಂದು ಒಲೆಯ ಮುಂದೆ ನನಗೆ ಹೇಳಿದಳು: "ಅಮ್ಮನ ದನಿ ಯಾವತ್ತೋ ಮರೆತೋಯ್ತು. ಈಗ ಆ ರುಚಿನೂ ಹೋಗ್ತಿದೆ ಮಗಳೇ."

ಮರುವರ್ಷ ಹೂ ಬಿಟ್ಟಾಗ ತಾನೇ ಗುಡ್ಡ ಹತ್ತಿದಳು. ಸೀಸೆಯಲ್ಲಿ ಹುಡಿ ತಂದು, ಬಣ್ಣದ ಕುಂಚದಿಂದ ಹೂವಿಗೆ ಸವರಿದಳು. ಹಾಗೆ ಸವರುವಾಗ ಏನನ್ನೋ ಕೇಳಿಸಿಕೊಳ್ಳುವವಳಂತೆ ತಲೆ ಬಾಗಿಸಿರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಹಣ್ಣು ಮುಟ್ಟಿದೊಡನೆ ಕೈಗೇ ಬಿತ್ತು. ಅದನ್ನು ಹಿಡಿದು ಅವಳು ನನ್ನೊಡನೆ ಜಲಾಶಯದ ದಂಡೆಗೆ ನಡೆದಳು. ಅವಳ ತವರು ಇದ್ದದ್ದು ಆ ನೀರಿನಡಿ. ಹಣ್ಣು ಸೀಳಿ ಒಂದು ಚಮಚ ತಿಂದಳು. ಬಹಳ ಹೊತ್ತು ನುಂಗಲೇ ಇಲ್ಲ.

"ಅದೇ ರುಚಿನಾ ಚಿಕ್ಕಮ್ಮ?"

"ಅದೇ." ನೀರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಆದ್ರೆ ಅಮ್ಮ ಮೊದಲ ಚಮಚ ತಾನು ತಿಂದು ನೋಡಿ, ಎರಡನೇದು ನನ್ನ ಬಾಯಿಗಿಡ್ತಿದ್ಲು."

ಎರಡನೆಯ ಚಮಚವನ್ನು ನನ್ನ ಬಾಯಿಗಿಟ್ಟಳು. ಬೆಣ್ಣೆಯಂಥ ತಿರುಳು, ನಡುವೆ ನುಣುಪಾದ ಬೀಜ.

"ಬೀಜ ಉಗುಳೇ, ಒಣಗಿದ್ರೆ ಸತ್ತೋಗುತ್ತೆ," ಎಂದು ಅಂಗೈಯನ್ನು ನೀರಿನಲ್ಲಿ ಅದ್ದಿ, ನನ್ನ ಗಲ್ಲದ ಕೆಳಗೆ ಹಿಡಿದಳು.