ಒಂದು ಕೈಲಿ ಲಿಂಗ, ಒಂದು ಕೈಲಿ ಹಗ್ಗ

ನಾವು ಮೂರು ಜನ ಹೆಸರು ಹಿಡ್ದು ಕರ್ಕೊಳಲ್ಲ. ಗುಬ್ಬಿಯವನು ಗುಬ್ಬಿ, ಕುಣಿಗಲ್‌ನವನು ಕುಣಿಗಲ್, ನಾನು ತುಮ್ಕೂರು. ಶೆಟ್ಟಿಹಳ್ಳಿಲಿ ಒಂದು ಮನೆ ಮಹಡಿ ಮೇಲೆ, ವಯಸ್ಸಾದ ಮೇಲೆ ಎಸ್ಸೆಸ್ಸೆಲ್ಸಿ ಕಟ್ಟೋರಿಗೆ ಅಂತ ಸಂಜೆ ಟ್ಯೂಷನ್ ನಡೀತಿತ್ತು. ಮೇಷ್ಟ್ರು ಹಾಜರಿ ಕೂಗೋದೇ ಬಸ್ ಸ್ಟ್ಯಾಂಡಲ್ಲಿ ಕಂಡಕ್ಟರ್ ಕೂಗ್ದಂಗೆ. "ಗುಬ್ಬಿ ಬಂತಾ? ಕುಣಿಗಲ್ ಇನ್ನೂ ಇಲ್ವಾ?" ಅದೇ ಉಳ್ಕೊಂತು.

ಆಗ ನಂಗೆ ಮೂವತ್ತಾರು. ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟ್ರಿ ಸ್ಟೋರ್ಸಲ್ಲಿ ಕೆಲಸ. ಗುಬ್ಬಿಗೆ ಹಿಟ್ಟಿನ ಗಿರಣಿ ಇದೆ, ಕುಣಿಗಲ್ ಗೂಡ್ಸ್ ಆಟೋ ಓಡಿಸ್ತಾನೆ. ಮೂರು ಜನಾನೂ ಒಂದೇ ಸಲಕ್ಕೆ ಪಾಸಾದ್ವಿ. ನಾನು ಹಿಂದಿಲಿ ಸರಿಯಾಗಿ ಮೂವತ್ತೈದು. ಪಾಸಾದ್ರೆ ವಿಮಾನ ಹತ್ತಾನ ಅಂತ ಗುಬ್ಬಿ ಟ್ಯೂಷನ್ನಲ್ಲೇ ಹೇಳ್ತಿದ್ದ. ಎಲ್ಲಿಗೆ ಅಂದ್ರೆ ಅಂಡಮಾನಿಗೆ. ಸಮುದ್ರದ ತಳದಲ್ಲಿ ಹವಳ ಬೆಳೆದಿರೋ ವಿಡಿಯೋ ಯಾವುದೋ ಅವ್ನ ಮೊಬೈಲಿಗೆ ಬಂದಿತ್ತು. ಗಿರಣಿಲಿ ಹಿಟ್ಟು ಬೀಳ್ತಾ ಇದ್ರೆ ಇವ್ನು ಪಕ್ಕದಲ್ಲಿ ನಿಂತ್ಕೊಂಡು ಅದನ್ನೇ ನೋಡ್ತಿದ್ದ.

ನಂಗೆ ನೀರು ಅಂದ್ರೆ ಆಗಲ್ಲ. ಕಡಬದ ಕೆರೆ ಏರಿ ಮೇಲೆ ಹೋಗ್ಬೇಕಾದ್ರೂ ನೀರಿಲ್ದಿರೋ ಪಕ್ಕದಲ್ಲೇ ನಡೀತೀನಿ. ಆದ್ರೂ ಹೂಂ ಅಂದ್ಬಿಟ್ಟೆ. ಇಬ್ರೂ ಹೋಗಿ ಬಂದು ಕತೆ ಹೇಳೋದನ್ನ ನಾನು ಕೂತ್ಕೊಂಡು ಕೇಳ್ಬೇಕಲ್ಲ ಅನ್ನೋದು ಇನ್ನೂ ಕಷ್ಟ ಅನ್ನಿಸ್ತು.

ಗುಬ್ಬಿ ಲಿಂಗಾಯತರವನು. ಕೊರಳಲ್ಲಿ ಲಿಂಗ, ಬೆಳ್ಳಿ ಕರಡಿಗೆ ಒಳಗೆ, ದಾರಕ್ಕೆ ಕಟ್ಟಿರೋದು. ಬೆಳಿಗ್ಗೆ ಸ್ನಾನ ಮಾಡಿ ಎಡ ಅಂಗೈ ಮೇಲೆ ಇಟ್ಕೊಂಡು ಪೂಜೆ ಮಾಡಿದ ಮೇಲೇ ಬಾಯಿಗೆ ಏನಾದ್ರೂ. ಪೂಜೆ ಹೊತ್ತು ಬಿಟ್ರೆ ಅದು ಕೊರಳಿಂದ ಇಳಿಯೋ ಹಂಗಿಲ್ಲ, ಬೇರೆಯವ್ರು ಮುಟ್ಟೋ ಹಂಗೂ ಇಲ್ಲ. ಬೆಂಗಳೂರು ಏರ್‌ಪೋರ್ಟಲ್ಲಿ ಚೆಕ್ ಮಾಡೋರು ಬಿಚ್ಚಿ ಟ್ರೇಲಿ ಇಡಿ ಅಂದಾಗ ಇವ್ನು ಎರಡೂ ಕೈಲಿ ಎದೆ ಮುಚ್ಕೊಂಡು ನಿಂತುಬಿಟ್ಟ. ಆಮೇಲೆ ಯಾರೋ ದೊಡ್ಡೋರು ಬಂದು, ಹಂಗೇ ಮಿಷಿನ್ ಆಡಿಸಿ ಬಿಟ್ರು.

ಮೂರನೇ ದಿನ ಹಾಯಿದೋಣಿ. ಬೆಳಿಗ್ಗೆ ಒಂದು ದ್ವೀಪದಿಂದ ಹೊರಡೋದು, ನಡುವೆ ಒಂದು ಕಡೆ ನಿಲ್ಲಿಸಿ ಹವಳ ನೋಡೋದು, ಮಧ್ಯಾಹ್ನ ಇನ್ನೊಂದು ದ್ವೀಪದಲ್ಲಿ ಊಟ, ಸಂಜೆ ಒಳಗೆ ವಾಪಸ್. ಗುಬ್ಬಿ ರೂಮಲ್ಲಿ ಪೂಜೆಗೆ ಕೂತಾಗ ನಾನೂ ಕುಣಿಗಲ್ಲೂ ಕೆಳಗಡೆ ಹೋಟ್ಲಿಗೆ ಹೋಗಿ ಬ್ರೆಡ್ ಆಮ್ಲೆಟ್ ತಿಂದ್ವಿ. ನಮ್ಮಿಬ್ರ ಮನೇಲೂ ಎಲ್ಲಾ ತಿಂತಾರೆ. ಗುಬ್ಬಿಗೂ ಅದು ಗೊತ್ತಿರೋದೇ.

ದೋಣಿಯವ್ರು ಇಬ್ರು. ಚುಕ್ಕಾಣಿ ಹಿಡಿಯೋ ಮುದುಕ, ಬಂಗಾಲಿ, ಎಲ್ರೂ ದಾದಾ ಅಂತಿದ್ರು. ಇನ್ನೊಬ್ಬ ನಮ್ಮ ವಯಸ್ಸಿನವನೇ, ಜನರನ್ನ ನೀರಿಗೆ ಇಳಿಸಿ ತೋರಿಸ್ಕೊಂಡು ಬರೋನು. ಹಾಯಿ ಏರ್ತಿದ್ದಂಗೆ ದೋಣಿ ಒಂದು ಪಕ್ಕಕ್ಕೆ ವಾಲ್ತು. ನಾನು ಕೂತಿದ್ದ ಹಲಗೆನ ತಬ್ಕೊಂಡೆ.

"ಏನ್ಲಾ ತುಮ್ಕೂರು, ಮದ್ವೆ ಹೆಣ್ಣನ್ನ ಹಿಡ್ಕಂಡಂಗೆ ಹಿಡ್ಕಂಡಿದೀಯ?" ಅಂದ ಕುಣಿಗಲ್.

ಅರ್ಧ ಗಂಟೆ ಆಗೋ ಹೊತ್ಗೆ ಅವ್ನದೇ ಮುಖ ಬಿಳಿಚ್ಕೊಂತು. ಎರಡು ಸಲ ವಾಂತಿ ಮಾಡ್ದ. "ಘಾಟಿಲಿ ಲೋಡ್ ಗಾಡಿ ಓಡ್ಸಿರೋನು ಕಣೋ ನಾನು. ಒಂದು ಹಂಪ್ಸ್ ಇಲ್ಲ, ತಿರುವಿಲ್ಲ, ಇದ್ಯಾಕ್ಲಾ ಹಿಂಗೆ?" ಅಂತ ಹಲಗೆ ಮೇಲೆ ಮಲಗಿಬಿಟ್ಟ. ನಗು ಬಂತು, ಆದ್ರೆ ನಗೋಕೆ ಧೈರ್ಯ ಬರ್ಲಿಲ್ಲ. ನಂಗೆ ಆಗ ಬಂದ ಯೋಚ್ನೆ ಅಂದ್ರೆ, ಏನಾದ್ರೂ ಆದ್ರೆ ಇವ್ನು ಲೆಕ್ಕಕ್ಕಿಲ್ಲ.

ಹವಳದ ಜಾಗ ಬಂತು. ಹಾಯಿ ಇಳಿಸಿ ಲಂಗರು ಹಾಕಿದ್ರು. ಗುಬ್ಬಿ ಆಗ್ಲೇ ಶರ್ಟ್ ಬಿಚ್ಚಿದ್ದ. ತೋರಿಸೋನು ಅವ್ನಿಗೆ ತೇಲೋ ಜಾಕೆಟ್ ಹಾಕ್ದ, ಕಣ್ಣಿಗೆ ಕನ್ನಡಕ, ಬಾಯಿಗೆ ಕೊಳವೆ ಕೊಟ್ಟ. ಆಮೇಲೆ ಕೊರಳು ತೋರಿಸಿ, ಇದನ್ನ ಬಿಚ್ಚಿಟ್ಟು ಬಾ ಅಂದ.

"ಇದು ಬಿಚ್ಚೋದಲ್ಲ ಭಯ್ಯಾ. ಕಡಬದ ಕೆರೇಲಿ ಇದನ್ನ ಹಾಕ್ಕಂಡೇ ಈಜಿರೋನು ನಾನು," ಅಂತ ಗುಬ್ಬಿ ಕನ್ನಡದಲ್ಲೇ ಹೇಳ್ದ. ನಾನು ಬಂದಷ್ಟು ಹಿಂದಿಲಿ ತಿಳಿಸ್ದೆ.

ಅವ್ನು ಜಗಳ ಆಡ್ಲಿಲ್ಲ. ಜಾಕೆಟ್ ಪಟ್ಟಿ ಎಳೆದು ತೋರಿಸ್ದ, ಕನ್ನಡಕದ ಪಟ್ಟಿ ತೋರಿಸ್ದ. ದಾರ ಇವಕ್ಕೆ ಸಿಕ್ಕೊಳುತ್ತೆ, ಕೆಳಗೆ ನೀರಿನ ಸೆಳೆತ ಇದೆ, ಹೋದ ತಿಂಗಳು ಇಲ್ಲೇ ಒಬ್ರ ಸರ ಹೋಯ್ತು, ಮೂರು ಜನ ಮುಳುಗಿ ಹುಡುಕಿದ್ರೂ ಸಿಗ್ಲಿಲ್ಲ ಅಂದ.

ಗುಬ್ಬಿ ಕರಡಿಗೆನ ಮುಷ್ಟಿಲಿ ಹಿಡ್ಕೊಂಡು ನೀರು ನೋಡ್ತಾ ನಿಂತ.

"ಹೋದ್ರೆ ಏನ್ಲಾ ಮಾಡೋದು?" ಅಂದೆ ನಾನು.

"ಹೋದ್ರೆ ಊಟ ಇಲ್ಲ. ನಮ್ಮಜ್ಜಂದು ಒಂದ್ಸಲ ಗದ್ದೇಲಿ ಬಿದ್ದೋಗಿ, ಎರಡು ದಿನ ನೀರೂ ಕುಡೀದಂಗೆ ಕೆಸರು ಬಗೀತಿದ್ರಂತೆ."

"ಹಂಗಾದ್ರೆ ಇಳೀಬೇಡ ಬುಡು," ಅಂತ ಮಲಗಿದ್ದಲ್ಲಿಂದಲೇ ಕುಣಿಗಲ್ ಅಂದ. "ಮೊಬೈಲಲ್ಲೇ ನೋಡ್ಕೊ."

ಗುಬ್ಬಿ ನನ್ ಕಡೆ ತಿರುಗ್ದ. "ತುಮ್ಕೂರು, ಕೈ ತೊಳ್ಕೊ. ಕುಡಿಯೋ ನೀರಲ್ಲಿ."

ತೊಳ್ಕೊಂಡೆ.

"ಬೆಳಿಗ್ಗೆ ಏನ್ ತಿಂದೆ?"

"ಬ್ರೆಡ್ಡು," ಅಂದೆ.

ಯಾಕಂಗಂದೆ ಅಂತ ಇವತ್ತಿಗೂ ಯೋಚ್ನೆ ಮಾಡ್ತೀನಿ. ಅವ್ನ ಆಸೆ ಕೆಡಬಾರ್ದು ಅಂತ ಅನ್ಕೋಬಹುದು. ನಿಜ ಹೇಳ್ಬೇಕಂದ್ರೆ, ಅವ್ನು ಅಷ್ಟು ನಂಬಿ ಕೇಳಿದ್ದು ನಂಗೆ ಹೆಮ್ಮೆ ಆಗಿತ್ತು. ಅದು ಕೈ ತಪ್ಪೋದು ಇಷ್ಟ ಇರ್ಲಿಲ್ಲ. ಕುಣಿಗಲ್ ಒಂದು ಕಣ್ಣು ಬಿಟ್ಟು ನನ್ನ ನೋಡಿ ಮತ್ತೆ ಮುಚ್ಕೊಂಡ.

ಗುಬ್ಬಿ ಲಿಂಗ ತೆಗೆದು ಕಣ್ಣಿಗೆ ಒತ್ಕೊಂಡು ನನ್ನ ಅಂಗೈ ಮೇಲೆ ಇಟ್ಟ. ಬೆಚ್ಚಗಿತ್ತು. "ಸೊಂಟದಿಂದ ಕೆಳಗೆ ಇಳಿಸ್ಬೇಡ. ಜೋಬಿಗೆ ಹಾಕ್ಬೇಡ. ಎಲ್ಲೂ ಇಡ್ಬೇಡ, ಕೈಲೇ ಇರ್ಲಿ. ಹತ್ತು ನಿಮಿಷ ಕಣೋ." ಅಷ್ಟು ಹೇಳಿ, ಆ ತೋರಿಸೋನ ಜೊತೆ ನೀರಿಗಿಳಿದ.

ನಾನು ಬಲಗೈ ಮುಷ್ಟಿನ ಎದೆಗೆ ಒತ್ಕೊಂಡು, ಎಡಗೈಲಿ ಹಲಗೆ ಹಿಡ್ಕೊಂಡು ಕೂತೆ. ಕೈ ಬೆವರ್ತಾ ಇತ್ತು. ಬೆವರಿಗೆ ಬೆಳ್ಳಿ ಜಾರುತ್ತೆ. ದಾರನ ಬೆರಳಿಗೆ ಎರಡು ಸುತ್ತು ಸುತ್ಕೊಂಡೆ. ಸುತ್ತಬಹುದಾ ಅಂತ ಕೇಳಿರ್ಲಿಲ್ಲ. ಬಾಯಿ ಮುಚ್ಕೊಂಡು ಮೂಗಲ್ಲೇ ಉಸಿರಾಡ್ತಿದ್ದೆ, ಮೊಟ್ಟೆ ವಾಸ್ನೆ ಅದಕ್ಕೆ ತಾಗುತ್ತೇನೋ ಅಂತ.

ಸ್ವಲ್ಪ ಹೊತ್ತಿಗೆ ಗಾಳಿ ಜೋರಾಯ್ತು. ಅವ್ರಿಬ್ರ ತಲೆ ಪಕ್ಕದಲ್ಲೇ ಕಾಣ್ತಿದ್ದಿದ್ದು ದೂರ ಆಗ್ತಿತ್ತು. ಅವ್ರು ಈಜಿ ಹೋಗ್ತಿದಾರೆ ಅನ್ಕೊಂಡೆ. ದಾದಾ ಎದ್ದು ನಿಂತು ಲಂಗರಿನ ಹಗ್ಗ ಮುಟ್ಟಿ ನೋಡಿ ಏನೋ ಬೈದಾಗ ಗೊತ್ತಾಯ್ತು, ಲಂಗರು ಕಿತ್ಕೊಂಡಿದೆ, ದೂರ ಹೋಗ್ತಿರೋದು ನಾವು. ದೋಣಿ ಹಿಂದೆ ಇದ್ದ ಸಣ್ಣ ಮೋಟ್ರು ಶುರು ಮಾಡೋ ಹುರಿ ಎಳೆದ. ಕೆಮ್ಮಿ ನಿಂತೋಯ್ತು. ಇನ್ನೊಂದ್ಸಲ ಎಳೆದ, ಅದೂ ಇಲ್ಲ. ಲಂಗರು ಮೇಲಕ್ಕೆ ಎಳ್ಕೊಂಡು ಹಾಕಿ, ಓಡಿ ಬಂದು ಚುಕ್ಕಾಣಿ ಹಿಡ್ದು, ಕಂಬದ ಬುಡದಲ್ಲಿದ್ದ ಹಗ್ಗ ನಂಗೆ ತೋರಿಸ್ದ.

"ಖೀಂಚೋ!"

ಹಾಯಿ ಏರಿಸೋ ಹಗ್ಗ. ಎಡಗೈಲಿ ಎಳೆದೆ. ಒಂದು ಮೊಳ ಬಂತು, ವಾಪಸ್ ಜಾರ್ತು.

"ದೋನೋ ಹಾಥ್ ಸೇ! ದೋನೋ!"

ಎರಡೂ ಕೈಲಿ ಅಂತ. ಮೂವತ್ತೈದು ಮಾರ್ಕ್ಸಿಗೆ ಅಷ್ಟು ಅರ್ಥ ಆಗುತ್ತೆ. "ಕುಣಿಗಲ್, ಏಳ್ಲಾ!" ಅಂತ ಕೂಗ್ದೆ. ಅವ್ನು ಎದ್ದು ಎರಡು ಹೆಜ್ಜೆ ಇಟ್ಟು, ಕಂಬ ತಬ್ಕೊಂಡು ಮತ್ತೆ ವಾಂತಿ. ಲಿಂಗನ ಅವ್ನ ಕೈಗೆ ಕೊಡೋದು ಆಗಲ್ಲ. ಜೋಬು ಸೊಂಟದ ಕೆಳಗಿದೆ. ಹಲಗೆ ಮೇಲೆ ಇಟ್ರೆ ಉರುಳುತ್ತೆ. ಹಲ್ಲಲ್ಲಿ ದಾರ ಕಚ್ಕೊಳಾನ ಅಂದ್ರೆ ಬಾಯಿ ಆಮ್ಲೆಟ್ ತಿಂದಿರೋ ಬಾಯಿ. ಇಷ್ಟೂ ಯೋಚ್ನೆ ಅದೆಷ್ಟು ಹೊತ್ತಲ್ಲಿ ಬಂತೋ. ನೀರಲ್ಲಿ ಎರಡು ತಲೆ ಎರಡು ತೆಂಗಿನಕಾಯಿ ಥರ ಕಾಣ್ತಿತ್ತು. ಅದ್ರಲ್ಲಿ ಗುಬ್ಬಿ ಯಾವುದು ಅಂತ ಗೊತ್ತಾಗ್ತಿರ್ಲಿಲ್ಲ.

ದಾರ ಬಿಚ್ಚಿ ನನ್ನ ಕೊರಳಿಗೇ ಹಾಕ್ಕೊಂಡೆ. ಎರಡೂ ಕೈಲಿ ಎಳೆದೆ. ಅಂಗೈ ಸಿಪ್ಪೆ ಎದ್ದೋಯ್ತು, ಅದು ಗೊತ್ತಾಗಿದ್ದು ಆಮೇಲೆ. ಪ್ರತಿ ಎಳೆತಕ್ಕೂ ಕರಡಿಗೆ ಎದೆಗೆ ಬಡೀತಿತ್ತು. ಹಾಯಿ ಏರ್ತು, ಹಗ್ಗನ ಕಂಬದ ಗೂಟಕ್ಕೆ ಸುತ್ತಿದೆ, ದೋಣಿ ಸುತ್ತು ಹೊಡೀತು. ದಾದಾ ಈಗ "ಢೀಲ್ ದೋ, ಢೀಲ್!" ಅಂತ ಕೂಗೋಕೆ ಶುರು ಮಾಡ್ದ. ನಂಗೆ ತಿಳೀಲಿಲ್ಲ. ಕಂಬ ತಬ್ಕೊಂಡಿದ್ದ ಕುಣಿಗಲ್ಲೇ ಹೇಳಿದ್ದು: "ಡೀಲ್ ಬುಡ್ಲಾ! ಗಾಳಿಪಟಕ್ಕೆ ಬುಡಲ್ವಾ, ಹಂಗೆ! ಆ ಪಕ್ಕದ ಹಗ್ಗ!" ಆಷಾಢದಲ್ಲಿ ಪಟ ಬಿಟ್ಟ ಕೈಗೆ ಅದು ಗೊತ್ತಿತ್ತು. ಆ ಹಗ್ಗನ ಸಡ್ಲ ಬಿಟ್ಟೆ. ದೋಣಿ ನೆಟ್ಟಗಾಗಿ ಅವ್ರ ಕಡೆ ನಡೀತು.

ಗುಬ್ಬಿ ಏಣಿ ಹತ್ತಿ ಮೇಲೆ ಬಂದ. ಕನ್ನಡಕ ಹಣೆ ಮೇಲೆ ಏರಿಸಿ ಮೊದ್ಲು ನನ್ನ ಕೈ ನೋಡ್ದ, ಆಮೇಲೆ ಕೊರಳು.

"ಚೆನ್ನಾಗ್ ಒಪ್ತದೆ ಅಲ್ವೇನ್ಲಾ ತುಮ್ಕೂರಿಗೆ?" ಅಂದ ಕುಣಿಗಲ್. ಯಾರೂ ನಗ್ಲಿಲ್ಲ.

"ಹಗ್ಗ ಎಳೀಬೇಕಿತ್ತು ಕಣೋ. ಎರಡೂ ಕೈ ಬೇಕಿತ್ತು," ಅಂದೆ.

ಗುಬ್ಬಿ ಉಸಿರು ಬಿಟ್ಟ. "ಕಾಣಿಸ್ತು. ಬುಡು, ಏನ್ ಮಾಡೋಕಾಗುತ್ತೆ. ನಿನ್ ಕೈಲಿ ಕೊಟ್ಟಿದ್ದಕ್ಕೆ ಉಳೀತು." ಕೈ ಚಾಚ್ದ. ನಾನು ತೆಗೆದು ಕೊಟ್ಟೆ. ಅವ್ನು ಕಣ್ಣಿಗೆ ಒತ್ಕೊಂಡು ಹಾಕ್ಕೊಂಡ.

ಅಲ್ಲಿಗೆ ಸುಮ್ನಿದ್ದಿದ್ರೆ ಮುಗೀತಿತ್ತು. ಆದ್ರೆ ನಿನ್ ಕೈಲಿ ಕೊಟ್ಟಿದ್ದಕ್ಕೆ ಅಂದಿದ್ದು ನಂಗೆ ತಡ್ಕೊಳೋಕೆ ಆಗ್ಲಿಲ್ಲ. "ಬೆಳಿಗ್ಗೆ ಆಮ್ಲೆಟ್ ತಿಂದಿದ್ದೆ ಕಣೋ," ಅಂದ್ಬಿಟ್ಟೆ.

ಗುಬ್ಬಿ ನನ್ನನ್ನೇ ನೋಡ್ದ. ಮೈಯಿಂದ ನೀರು ಸೋರ್ತಿತ್ತು. "ಕೇಳಿದ್ನಲ್ಲೋ ನಾನು," ಅಂದ. ಅಷ್ಟೇ. ಹೋಗಿ ದೋಣಿ ಮೂತಿ ಹತ್ರ ಆ ಕಡೆ ಮುಖ ಮಾಡ್ಕೊಂಡು ಕೂತ.

ಮಧ್ಯಾಹ್ನ ಎರಡನೇ ದ್ವೀಪ. ಬಿಳಿ ಮರಳು, ಬಾಗಿರೋ ತೆಂಗಿನ ಮರ. ಅನ್ನ, ದಾಲು, ಆಲೂಗಡ್ಡೆ ಪಲ್ಯ ಅವ್ರೇ ತಂದಿದ್ರು, ಗುಬ್ಬಿಗೋಸ್ಕರ ಬೇರೆ ಡಬ್ಬಿ. ಅವ್ನು ಮುಟ್ಟಲಿಲ್ಲ. ನೀರೂ ಬೇಡ ಅಂದ. ಕುಣಿಗಲ್ ಹೊಟ್ಟೆ ಪೂರ್ತಿ ಖಾಲಿ ಆಗಿತ್ತು, ಎರಡು ತಟ್ಟೆ ತಿಂದ. ನಂಗೂ ಬೇಡ ಅಂದೆ.

"ನಿಂಗ್ಯಾಕೆ ಬೇಡ?" ಅಂದ ಗುಬ್ಬಿ, ಆ ಕಡೆ ನೋಡ್ಕೊಂಡೇ. "ನೀನು ಉಪವಾಸ ಇದ್ರೆ ನಂದು ಸರಿ ಹೋಗುತ್ತಾ?"

ವಾಪಸ್ ಬರೋ ದಾರಿ ಮೂರು ಗಂಟೆ. ಬಿಸಿಲು ನೆತ್ತಿ ಸುಡ್ತಿತ್ತು. ಬೆಳಿಗ್ಗೆ ಹೆದರಿದ್ದೆನಲ್ಲ, ಆ ದೋಣಿ ವಾಲೋದು ಈಗ ನಂಗೆ ಗೊತ್ತೇ ಆಗ್ಲಿಲ್ಲ. ಕಣ್ಣೆಲ್ಲಾ ಗುಬ್ಬಿ ಮೇಲೆ. ತುಟಿ ಒಣಗಿ ಬೆಳ್ಳಗಾಗಿತ್ತು. ಉಪ್ಪುನೀರು ಬೇರೆ ಕುಡಿದಿದ್ದ. ತಲೆ ಸುತ್ತಿ ನೀರಿಗೆ ಬಿದ್ರೆ? ಜಾಕೆಟ್ ಬಿಚ್ಚಿಟ್ಟಿದ್ದ. ನಾನು ಒಂದೊಂದೇ ಹಲಗೆ ಜರುಗಿ ಜರುಗಿ ಅವ್ನ ಹಿಂದೆ ಹೋಗಿ ಕೂತೆ, ಬಿದ್ರೆ ಅಂಗಿ ಹಿಡ್ಕೊಳೋಣ ಅಂತ. ಅವ್ನು ತಿರುಗಿ ನೋಡ್ದ, ಮತ್ತೆ ಸಮುದ್ರದ ಕಡೆ ಮುಖ ಮಾಡ್ದ.

ದಡ ಹತ್ರ ಬಂದಾಗ ಮೊಬೈಲಿಗೆ ಸಿಗ್ನಲ್ ಬಂತು. ಜೆಟ್ಟಿಗೆ ಇಳಿದ ತಕ್ಷಣ ಗುಬ್ಬಿ ಅವ್ರಮ್ಮಂಗೆ ಫೋನ್ ಹಚ್ಚಿದ. "ಅಮ್ಮ, ಒಂದು ವಿಷ್ಯ ಐತೆ. ಇವ್ನೇ ಹೇಳ್ತಾನೆ," ಅಂತ ನನ್ನ ಕೈಗೆ ಕೊಟ್ಟುಬಿಟ್ಟ.

ಆ ಅಮ್ಮ ನಂಗೆ ಗೊತ್ತು. ಪರೀಕ್ಷೆ ಹತ್ರ ಬಂದಾಗ ನಾವು ಗುಬ್ಬಿ ಊರಲ್ಲಿ ಅವ್ರ ಮನೇಲಿ ಓದ್ತಿದ್ವಿ, ಮುದ್ದೆ ಮುರಿದು ಮುರಿದು ಇಕ್ಕೋರು. ಟ್ಯೂಷನ್ನಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳ್ದಂಗಾಯ್ತು. ನೀರಿಗಿಳಿದಿದ್ದು, ಕೈಗೆ ಕೊಟ್ಟಿದ್ದು, ಹಗ್ಗ, ಕೊರಳು, ಕೊನೆಗೆ ಆಮ್ಲೆಟ್ಟು, ಎಲ್ಲಾ ಹೇಳ್ದೆ.

"ಲಿಂಗ ಎಲ್ಲೈತೆ ಈಗ?" ಅಂದ್ರು.

"ಅವ್ನ ಕೊರಳಲ್ಲೇ ಅಮ್ಮಾ."

"ಉಂಡ್ನಾ?"

"ಇಲ್ಲ. ನೀರೂ ಕುಡಿದಿಲ್ಲ."

"ಕೋಣ," ಅಂದ್ರು. ನಂಗೋ ಅವ್ನಿಗೋ ತಿಳೀಲಿಲ್ಲ. "ಸ್ನಾನ ಮಾಡಿ ಪೂಜೆ ಮಾಡ್ಕಂಡು ಉಣ್ಣಕ್ಕೆ ಹೇಳು. ಮಿಕ್ಕಿದ್ದು ಬಂದ್ಮೇಲೆ ಮಠಕ್ಕೋಗಿ ಅಯ್ನೋರ್ನ ಕೇಳಾನ. ಪ್ರಾಣ ಮುಂದೆ ಕಣಪ್ಪ. ನೀನು ಕೊರಳಿಗೆ ಹಾಕ್ಕಂಡಿದ್ದು ನಂಗೇನೂ ಅನ್ನಿಸ್ತಿಲ್ಲ. ಆದ್ರೆ ಸುಳ್ಳು ಹೇಳ್ಬಾರ್ದಾಗಿತ್ತು. ಅಷ್ಟು ನಂಬ್ಕಂಡು ಕೇಳಿದ್ನಲ್ಲ ನನ್ ಮಗ."

"ಹೂಂ ಅಮ್ಮಾ," ಅಂದೆ.

ಗುಬ್ಬಿ ರೂಮಿಗೆ ಹೋಗಿ ಬಾಗ್ಲು ಹಾಕ್ಕೊಂಡ. ನಾವಿಬ್ರೂ ಹೊರಗಡೆ ಮೆಟ್ಲ ಮೇಲೆ ಕೂತ್ವಿ. "ಸೊಲ್ಪ ಹೊತ್ತು ಬುಟ್ರೆ ಸರಿ ಹೋಗ್ತಾನೆ," ಅಂದ ಕುಣಿಗಲ್. ಅವ್ನ ದನಿಲೂ ನಂಬಿಕೆ ಇರ್ಲಿಲ್ಲ. ಒಳಗಿಂದ ನೀರು ಸುರಿಯೋ ಸದ್ದು ಬಂತು, ನಿಂತೋಯ್ತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಬಾಗ್ಲು ತೆಗೆದಾಗ ಹಣೆ ಮೇಲೆ ವಿಭೂತಿ ಇತ್ತು. "ನಡೀರ್ಲಾ," ಅಂದ.

ವೆಜ್ ಹೋಟ್ಲು ಹುಡುಕ್ಕೊಂಡು ಹೋದ್ವಿ. ಗುಬ್ಬಿ ಕುಣಿಗಲ್ ಪಕ್ಕ ಕೂತ, ನಾನು ಎದುರಿಗೆ. ಎರಡು ಲೋಟ ನೀರು ಒಂದೇ ಸಲಕ್ಕೆ ಕುಡ್ದ. ನಾಲ್ಕು ಚಪಾತಿ ತಿಂದ. ಐದನೇದು ಮುರೀತಾ, ನೀರೊಳಗೆ ನೋಡಿದ್ದನ್ನ ಹೇಳೋಕೆ ಶುರು ಮಾಡ್ದ. ಹೇಳ್ತಿದ್ದಿದ್ದು ಕುಣಿಗಲ್‌ಗೆ. ತಳ ಅಂಗೈ ಗೆರೆ ಥರ ಸ್ಪಷ್ಟವಾಗಿ ಕಾಣುತ್ತೆ ಅಂತೆ. ಹವಳ ಕೆಲವು ಹೂಕೋಸು ಇದ್ದಂಗೆ, ಕೆಲವು ಮಿದುಳು ಇದ್ದಂಗೆ. ಒಂದು ನೀಲಿ ಮೀನು ಬಂದು ಕನ್ನಡಕದ ಮುಂದೆ ನಿಂತು ಇವ್ನನ್ನೇ ನೋಡ್ತಿತ್ತಂತೆ.

"ಎಷ್ಟುದ್ದ ಇತ್ತು?" ಅಂದ ಕುಣಿಗಲ್.

ಗುಬ್ಬಿ ಬಲಗೈ ಎಂಜಲು. ಎಡಗೈ ಒಂದ್ರಲ್ಲೇ ಅಳತೆ ತೋರ್ಸೋಕೆ ಬರ್ಲಿಲ್ಲ. ಮೇಜಿನ ಮೇಲೆ ನನ್ನ ಕೈ ಇತ್ತು, ಅಂಗೈ ಮೇಲಾಗಿ, ಉರಿ ಅಂತ ಹಂಗೆ ಇಟ್ಕೊಂಡಿದ್ದೆ. ಅವ್ನು ಎಡಗೈ ಬೆರಳನ್ನ ನನ್ನ ಮೊಣಕೈ ಹತ್ರ ಇಟ್ಟು, ಮಣಿಕಟ್ಟಿನ ತನಕ ಎಳ್ದ.

"ಇಷ್ಟು," ಅಂದ. "ಬಾಲ ಬಿಟ್ಟು."

ಅವ್ನ ಮಾತು ಮುಗಿಯೋವರೆಗೂ ನಾನು ಕೈ ಅಲ್ಲಿಂದ ತೆಗೀಲಿಲ್ಲ.