ಲಕ್ಷ್ಮಿಬಾಯಿಯ ಥಂಡಿ ಕೈ, ಮಿಶ್ರಿಯ ಡಬ್ಬಿ

ನಿಪ್ಪಾಣಿಯ ಸಂತೆಯಲ್ಲಿ ಯಾರಾದರೂ ಹೆಂಗಸು ಕಿಸಕ್ಕನೆ ನಕ್ಕು ಕೈ ಹಿಂದಕ್ಕೆ ಎಳೆದುಕೊಂಡಳೆಂದರೆ, ಅಲ್ಲಿ ಲಕ್ಷ್ಮಿಬಾಯಿ ಬಳೆ ಇಡಿಸುತ್ತಿದ್ದಾಳೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಅವಳ ಕೈ ಅಷ್ಟು ಥಂಡಿ. ನೀರು ತುಂಬಿದ ಮಣ್ಣಿನ ಹರವಿಯ ತಳ ಮುಟ್ಟಿದ ಹಾಗೆ. ಬೇಸಿಗೆಯಲ್ಲಿ ಅದೇ ಒಂದು ಸುಖ. ಬಳೆ ಬೇಡವಾದವರೂ ಬಂದು ಕೂತು ಕೈ ಚಾಚಿ, "ಇನ್ನೊಂಚೂರ ಹಿಡಕೊಂಡ ಕುಂದರಬೇ" ಎನ್ನುತ್ತಿದ್ದರು. ಆದರೆ ದೀಪಾವಳಿ ದಾಟಿತೆಂದರೆ ಅವರೇ, "ಯವ್ವಾ, ಬರ್ಫದಾಗ ಕೈ ಇಟ್ಟ ಬಂದಿಯೇನ?" ಎಂದು ಚೀರುತ್ತಿದ್ದರು.

ನಾನು ಅವಳ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಬಳೆಯ ಬುಟ್ಟಿಯ ಒಂದು ಹಿಡಿ ಅವಳದು, ಇನ್ನೊಂದು ನನ್ನದು. ಹೀಗೆ ಹಿಡಿದುಕೊಂಡು ಮೂವತ್ತು ವರ್ಷ ಇಬ್ಬರೂ ಚಿಕ್ಕೋಡಿ, ರಾಯಬಾಗ ತಿರುಗಿದ್ದೇವೆ. ಅವಳು ಮಾತಾಡುತ್ತಾಳೆ, ನಾನು ಕೇಳುತ್ತೇನೆ.

ಲಕ್ಷ್ಮಿಬಾಯಿ ಹದಿನಾರಕ್ಕೆ ಬಳೆ ಮಾರುವ ಕಾಸಾರರ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಅವಳಿಗೆ ಎರಡು ವಿದ್ಯೆ ಕಲಿಸಿದಳು. ಒಂದು, ದೂರದಿಂದಲೇ ಮಣಿಕಟ್ಟು ನೋಡಿ ಬಳೆಯ ಅಳತೆ ಹೇಳುವುದು. ಇನ್ನೊಂದು, ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ತೋರುಬೆರಳಿಂದ ಹಲ್ಲಿಗೆ ತಿಕ್ಕುವುದು. ನಮ್ಮ ಕಡೆ ಇದನ್ನು ಯಾರೂ ಚಟ ಎನ್ನುವುದಿಲ್ಲ. ಮುಂಜಾನೆ ಮುಖ ತೊಳೆಯುವುದರಲ್ಲೇ ಅದೂ ಬಂತು. ಆಮೇಲೆ ಚಹಾದ ಮುಂದೊಂದು ಸಲ, ಊಟದ ಹಿಂದೊಂದು ಸಲ. ಲಕ್ಷ್ಮಿಬಾಯಿಯ ಟೊಂಕದಲ್ಲಿ ಆ ಡಬ್ಬಿ ಇಲ್ಲದ ದಿನವನ್ನು ನಾನು ಕಂಡಿಲ್ಲ.

ತೊಡಕು ಶುರುವಾದದ್ದು ಕೆಂಚವ್ವನ ಮನೆಯಲ್ಲಿ. ಚಿಕ್ಕೋಡಿ ಹಾದಿಯ ಕಬ್ಬಿನ ತೋಟದ ದೊಡ್ಡ ಮನೆ, ಅದಕ್ಕೆ ಕೆಂಚವ್ವ ಯಜಮಾನಿ. ಹೋದ ವರ್ಷ ಚಳಿಯಲ್ಲಿ ಅವಳ ಸೊಸೆಗೆ ಸೀಮಂತದ ಬಳೆ ಇಡಿಸುವಾಗ, ಥಂಡಿ ಕೈ ತಾಗಿದಾಗೊಮ್ಮೆ ಆ ಹುಡುಗಿ ಬೆಚ್ಚಿ ಕೈ ಜಗ್ಗಿದಳು. ಲಕ್ಷ್ಮಿಬಾಯಿಯ ಬೆರಳೂ ಜೋಮು ಹಿಡಿದಿದ್ದವು, ಎಲುಬು ಎಲ್ಲಿ ತಗಲಿತೆಂದೇ ತಿಳಿಯಲಿಲ್ಲ. ಏಳು ಬಳೆ ಹೆಚ್ಚಿದವು. ಬಳೆ ಒಡೆಯಿತೆಂದು ನಾವು ಅನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ. ಆದರೆ ಏಳು ಹೆಚ್ಚಿದರೆ ಯಾವ ಮಾತಿನಿಂದಲೂ ಮುಚ್ಚಲಾಗದು.

ಈ ವರ್ಷ ತುಳಸಿ ಲಗ್ನ ಮುಗಿದ ಮೇಲೆ ಕೆಂಚವ್ವ ಕರೆಸಿದಳು. ಇನ್ನೊಂದು ತಿಂಗಳಲ್ಲಿ ಮೊಮ್ಮಗಳು ಸೀಮಾಳ ಮದುವೆ.

"ನನ್ನ ಲಗ್ನದ ಬಳಿ ನಿಮ್ಮತ್ತಿ ಇಡಿಸಿದ್ದು, ನನ್ನ ಮಗಳಿಗೆ ನೀ ಇಡಿಸಿದ್ದು. ಇಲ್ಲ ಅನ್ನಾಂಗಿಲ್ಲ," ಎಂದಳು. "ಆದ್ರ ಮದುಮಗಳ ಕೈಯಾಗ ಒಂದ ಬಳಿ ಹೆಚ್ಚಿದ್ರೂ ಬೀಗರು ವರ್ಷಗಟ್ಲೆ ಆಡಿಕೊಂತಾರ. ಬಳಿ ಇಡಸೂ ದಿನ ಮೊದಲ ನಿನ್ನ ಕೈ ನನ್ನ ಗಲ್ಲಕ್ಕ ಹಚ್ಚತಿ. ಥಂಡಿ ಇದ್ದೂ ಅಂದ್ರ ಚಾ ಕುಡದ ಹೋಗು. ಚಿಕ್ಕೋಡಿಯಿಂದ ಬ್ಯಾರೇದಾಕಿ ಬರತಾಳ."

ಹಾದಿಯುದ್ದಕ್ಕೂ ಲಕ್ಷ್ಮಿಬಾಯಿ ಮಾತಾಡಲಿಲ್ಲ. ಮೂವತ್ತು ವರ್ಷದಲ್ಲಿ ಅದೇ ಮೊದಲು. ಅತ್ತೆಯ ಕಾಲದಿಂದ ಬಳೆ ಇಡಿಸುತ್ತ ಬಂದ ಮನೆ ತನ್ನ ಕೈಯಲ್ಲಿ ತಪ್ಪಿತೆಂದರೆ ಸಂತೆಯಲ್ಲಿ ಮುಖ ತೋರಿಸುವುದು ಹೇಗೆ?

ಓಣಿಯಲ್ಲಿ ಸುದ್ದಿ ಹಬ್ಬಿ, ಮನೆಗೊಂದು ಕಾರಣ ಹುಟ್ಟಿತು. ರಕ್ತ ಇಲ್ಲ ಎಂದರು. ನರ ಸೆಟೆದಿದೆ ಎಂದರು. ಅವಳೇ ತೊಟ್ಟ ಎರಡು ಡಜನ್ ಬಿಗಿ ಬಳೆ ರಕ್ತ ತಡೆದಿವೆ ಎಂದರು. ಅಜವಾನ ಹಾಕಿದ ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ರಬ್ಬರ್ ಚೀಲ ಬುಟ್ಟಿಯಲ್ಲಿಟ್ಟುಕೊಂಡು ತಿರುಗಿದ್ದಾಯಿತು. ಚೀಲ ಸೋರಿ ಬಳೆಗಳೆಲ್ಲ ಮಿಂದವು, ಕೈ ಮಾತ್ರ ಹಾಗೇ ಉಳಿಯಿತು.

ಕೊನೆಗೆ ಊರಿಗೆ ಹೊಸದಾಗಿ ಬಂದ ಡಾಕ್ಟರ್ ಬಾಯಿಯ ಹತ್ತಿರ ಹೋದೆವು. ಮೈಸೂರು ಕಡೆಯ ಹುಡುಗಿ, ಹಿಂದಿಯವರ ಊರಲ್ಲಿ ಓದಿದವಳು. ಹೆಸರು ಶೀತಲ. ಬಾಗಿಲ ಮೇಲಿನ ಹೆಸರು ಓದಿಸಿ ಕೇಳಿದ ಲಕ್ಷ್ಮಿಬಾಯಿ, "ನನ್ನ ಥಂಡಿಗೆ ಈಕಿ ಏನ ಔಷಧ ಕೊಡತಾಳ, ಹೆಸರ ಶೀತಲ ಐತಿ" ಎಂದು ಅಲ್ಲೇ ನಗಲು ಹತ್ತಿದಳು.

"ಪಾದವೂ ತಣ್ಣಗಾಗುತ್ತಾ?" ಡಾಕ್ಟರ್ ಕೇಳಿದಳು.

"ಆಗತಾವ್ರಿ. ನಮ್ಮ ಮನಿಯವ್ರು ನಡುವ ದಿಂಬ ಇಟ್ಕೊಂಡ ಮಲಗತಾರ."

"ಬೆರಳು ಬೆಳ್ಳಗಾಗುತ್ತಾ?"

"ಹೌದ್ರಿ. ಮೈಯಾಗ ಅವಷ್ಟ ಬೆಳ್ಳಗ ಅದಾವ ನನಗ."

ಡಾಕ್ಟರ್ ನಕ್ಕು, ಕೈಕಾಲು ಸದಾ ತಣ್ಣಗಿರಲು ಹಲವು ಕಾರಣ ಇರುತ್ತವೆ ಎಂದಳು. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟಿರಬಹುದು. ಸಣ್ಣ ರಕ್ತನಾಳ ಬಿಗಿದಿರಬಹುದು, ಬಿಪಿಯ ಕೆಲವು ಗುಳಿಗೆಯಿಂದಲೂ ಆಗಬಹುದು. ಕೆಲವರು ಹುಟ್ಟಿದ್ದೇ ಹಾಗೆ, ಅವರಿಗೆ ಏನೂ ಆಗಿರುವುದಿಲ್ಲ. ನಾನು ಬೆರಳು ಮಡಚಿ ನೆನಪಿಟ್ಟುಕೊಂಡೆ.

"ಬೀಡಿ ಸೇದ್ತೀರಾ?"

"ಗಂಡಸ ಕಂಡಂಗ ಕಾಣತೇನೇನ್ರಿ?"

"ತಂಬಾಕು?"

"ಛೀ, ಇಲ್ರಿ."

"ಬೇರೆ ಏನಾದರೂ ಅಭ್ಯಾಸ?"

"ಏನೂ ಇಲ್ರಿ. ಮಿಶ್ರಿ, ಅಷ್ಟ."

"ದಿನಕ್ಕೆ ಎಷ್ಟು ಸಲ?"

"ಐದ, ಇಲ್ಲಂದ್ರ ಆರ."

ಡಾಕ್ಟರಳ ಪೆನ್ನು ನಿಂತಿತು. ಹಿಂದಿಯವರಲ್ಲಿ ಮಿಶ್ರಿ ಎಂದರೆ ಕಲ್ಲುಸಕ್ಕರೆಯಂತೆ. ಅದು ನಮಗೆಲ್ಲಿ ಗೊತ್ತು, ನಮ್ಮದು ಅವಳಿಗೆಲ್ಲಿ ಗೊತ್ತು.

"ಅಷ್ಟೊಂದು ಯಾಕೆ?"

"ಅದಿಲ್ಲಂದ್ರ ಹೊಟ್ಟಿ ಸಾಫ ಆಗೂದಿಲ್ರಿ. ಮಲಗೂ ಮುಂದ ಹಲ್ಲಿಗೆ ಒಂದ ಸಲ ಹಚ್ಚಾಕ ಬೇಕ."

"ಹಲ್ಲಿಗಾ? ಹುಳುಕಾಗಲ್ವಾ?"

"ಹುಳಕ ಆಗಬಾರ್ದಂತನ ಹಚ್ಚೂದ್ರಿ."

ಡಾಕ್ಟರ್ ಸಕ್ಕರೆಯ ಪರೀಕ್ಷೆಯನ್ನು ಎರಡು ಸಲ ಬರೆದಳು.

ಪರೀಕ್ಷೆಯ ಕಾಗದ ಬಂದಾಗ ಥೈರಾಯ್ಡ್ ಇಲ್ಲ, ಸಕ್ಕರೆ ಇಲ್ಲ, ರಕ್ತ ಮಾತ್ರ ಸ್ವಲ್ಪ ಕಡಿಮೆ. "ದಿನಕ್ಕೆ ಆರು ಸಲ ಮಿಶ್ರಿ, ಆದರೂ ಸಕ್ಕರೆ ಇಷ್ಟು ಚೆನ್ನಾಗಿದೆ. ನಿಮ್ಮ ದೇಹವನ್ನ ಮೆಚ್ಚಬೇಕು" ಎಂದು ಡಾಕ್ಟರ್ ಕಬ್ಬಿಣಾಂಶದ ಗುಳಿಗೆ ಕೊಟ್ಟಳು. ಆ ಮೆಚ್ಚುಗೆಯ ಖುಷಿಗೆ ಲಕ್ಷ್ಮಿಬಾಯಿ ದವಾಖಾನೆಯ ಮೆಟ್ಟಿಲ ಮೇಲೇ ಕೂತು ಒಂದು ಚಿಟಿಕೆ ಹೆಚ್ಚಿಗೆ ತಿಕ್ಕಿದಳು.

ಹತ್ತು ದಿನ ಗುಳಿಗೆ ನುಂಗಿದರೂ ಕೈ ಬೆಚ್ಚಗಾಗಲಿಲ್ಲ. ಮದುವೆಯ ಬಳೆಗೆ ಇನ್ನು ಒಂಬತ್ತು ದಿನ. ಮತ್ತೆ ಹೋದೆವು. ಡಾಕ್ಟರಿಗೆ ನೆಗಡಿಯಾಗಿ ಮೂಗು ಕಟ್ಟಿತ್ತು. ಮಧ್ಯಾಹ್ನದ ಊಟವೂ ಆಗಿರಲಿಲ್ಲ.

"ದಣದೀರಿ ಬಾಯೀ. ಒಂಚೂರ ಮಿಶ್ರಿ ತಗೋರಿ," ಎಂದು ಲಕ್ಷ್ಮಿಬಾಯಿ ಟೊಂಕದ ಡಬ್ಬಿ ತೆಗೆದಳು.

"ಇದೇನು ಕಪ್ಪಗಿದೆ? ಬೆಲ್ಲದ್ದಾ?"

"ಚಲೋ ಹುರದೇನ್ರಿ, ಅದಕ್ಕ."

ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಡಾಕ್ಟರ್ ದೊಡ್ಡದೊಂದು ಚಿಟಿಕೆ ನಾಲಗೆಗೆ ಹಾಕಿಕೊಂಡಾಗಿತ್ತು. ಮೊದಲು ಬಿಕ್ಕಳಿಕೆ ಬಂತು. ಆಮೇಲೆ ಕಣ್ಣು ಅಗಲವಾದವು. ತೊಟ್ಟಿಗೆ ಉಗುಳಿ, ಬಾಯಿ ಮುಕ್ಕಳಿಸಿ, ಬಂದು ಮೇಜು ಹಿಡಿದು ಕೂತಳು.

"ಈ ಕುರ್ಚಿ ತಿರುಗ್ತಾ ಇದೆಯಾ?"

"ಕುರ್ಚಿ ನಿಂತೈತ್ರಿ," ಎಂದಳು ಲಕ್ಷ್ಮಿಬಾಯಿ. "ನೀವ ತಿರಗಾಕತ್ತೀರಿ."

ಹೆದರಿ ಡಾಕ್ಟರಳ ಕೈ ಹಿಡಿದುಕೊಂಡವಳು ಥಟ್ಟನೆ ಬಿಟ್ಟಳು. "ಅಯ್ಯ, ನನ್ನ ಕೈಗಿಂತ ನಿಮ್ಮ ಕೈ ಥಂಡಿ ಆಗ್ಯಾವಲ್ಲರಿ."

ಡಾಕ್ಟರ್ ತನ್ನ ಬೆವರಿದ ಕೈ ನೋಡಿಕೊಂಡಳು, ಡಬ್ಬಿ ನೋಡಿದಳು. "ತಂಬಾಕು ಇಲ್ಲ ಅಂದಿದ್ರಿ?"

"ನಾ ತಂಬಾಕ ತಿನ್ನಾಂಗಿಲ್ರಿ. ಇದು ಹಲ್ಲ ತಿಕ್ಕೂದು."

"ಇದನ್ನ ಯಾವುದರಿಂದ ಮಾಡ್ತೀರಾ?"

"ತಂಬಾಕಿನಿಂದ್ರಿ," ಎಂದಳು ಲಕ್ಷ್ಮಿಬಾಯಿ. ಎಂದವಳ ಬಾಯಿ ಹಾಗೇ ತೆರೆದು ಉಳಿಯಿತು.

ಮೊದಲು ನಕ್ಕವಳು ಡಾಕ್ಟರ್. ತಲೆ ತಿರುಗುತ್ತಿದ್ದರೂ ನಗು ನಿಲ್ಲಲಿಲ್ಲ. ಕಲ್ಲುಸಕ್ಕರೆಯ ಕಥೆ ಕೇಳಿ ನಾವು ಗೋಡೆ ಹಿಡಿದು ನಕ್ಕೆವು. ಸಮಾಧಾನವಾದ ಮೇಲೆ ಅವಳು ತಿಳಿಸಿ ಹೇಳಿದಳು. ತಂಬಾಕು ಹಲ್ಲಿಗೆ ಹಚ್ಚಿದರೂ ರಕ್ತಕ್ಕೇ ಹೋಗುತ್ತದೆ, ಕೈಕಾಲಿನ ಸಣ್ಣ ನಾಳಗಳನ್ನು ಬಿಗಿಯುತ್ತದೆ, ಬಾಯಿಯ ದೊಡ್ಡ ರೋಗವನ್ನೂ ತರುತ್ತದೆ. ಬಿಡಬೇಕು. ಒಂಬತ್ತೇ ದಿನದಲ್ಲಿ ಪೂರ್ತಿ ಸರಿಹೋಗುತ್ತದೆಂಬ ಮಾತು ಕೊಡಲಾರೆ. ಗುಳಿಗೆ ನಿಲ್ಲಿಸಬೇಡಿ, ಕಾಲಿಗೆ ಕಾಲುಚೀಲ, ಮೈಗೆ ಸ್ವೆಟರ್ ಹಾಕಿ, ಚೆನ್ನಾಗಿ ನಡೆಯಿರಿ.

ಡಬ್ಬಿ ನನ್ನ ವಶಕ್ಕೆ ಬಂತು. ಎರಡನೆಯ ದಿನ ಅವಳು ಬುಟ್ಟಿಯೊಂದಿಗೆ ಜಗಳವಾಡಿದಳು. ನಾಲ್ಕನೆಯ ದಿನ, "ಡಬ್ಬಿ ಮೂಸಿ ಕೊಡತೇನಿ, ಅಷ್ಟ" ಎಂದು ಬಂದಳು, ಬಾಗಿಲು ಹಾಕಿಕೊಂಡೆ. ಲವಂಗ ಅಗಿದಳು, ಬೇವಿನ ಕಡ್ಡಿ ಅಗಿದಳು. ಆರನೆಯ ದಿನ ಗೋಡೆಯಾಚೆಯಿಂದ ಕೂಗಿದಳು: "ನಮ್ಮ ಮನಿಯವ್ರು ದಿಂಬ ತಗದಾರ."

ಬಳೆಯ ದಿನ ಅವಳು ಗಂಡನ ಕಾಲುಚೀಲ ಹಾಕಿಕೊಂಡು, ಬಸ್ಸಿಳಿದು ಕಬ್ಬಿನ ಹಾದಿಯಲ್ಲಿ ದರದರ ನಡೆದಳು. ಬುಟ್ಟಿಯ ಹಿಡಿ ಹಿಡಿದ ನಾನು ಹಿಂದೆ ಓಡಿದೆ. ಕೆಂಚವ್ವನ ಅಂಗಳದಲ್ಲಿ ಇಪ್ಪತ್ತು ಹೆಂಗಸರು ಕೂತಿದ್ದರು. ಕೆಂಚವ್ವ ಯಾರಿಗೂ ಏನೂ ಹೇಳದೆ ಲಕ್ಷ್ಮಿಬಾಯಿಯ ಎರಡೂ ಅಂಗೈ ತಂದು ತನ್ನ ಗಲ್ಲಕ್ಕೆ ಒತ್ತಿಕೊಂಡಳು, ಕಣ್ಣು ಮುಚ್ಚಿದಳು. ಅಂಗಳದಲ್ಲಿ ಒಂದು ಬಳೆಯೂ ಸಪ್ಪಳ ಮಾಡಲಿಲ್ಲ.

"ಬೆಚ್ಚಗೇನಿಲ್ಲ," ಎಂದಳು. "ಥಂಡಿನೂ ಇಲ್ಲ. ಕುಂದ್ರು."

ಸೀಮಾ ಕೈ ಚಾಚಿದಳು. ಲಕ್ಷ್ಮಿಬಾಯಿ ಅವಳ ಬೆರಳು ಕೂಡಿಸಿ, ಮೃದುವಾಗಿ ಒತ್ತಿ, ಒಂದೊಂದೇ ಹಸಿರು ಬಳೆ ಏರಿಸಿದಳು. ಒಂದು ಕೈಗೆ ಹನ್ನೊಂದು, ಇನ್ನೊಂದಕ್ಕೆ ಹನ್ನೆರಡು. ಹುಡುಗಿ ಬೆಚ್ಚಲಿಲ್ಲ, ಜಗ್ಗಲಿಲ್ಲ. ಒಂದೂ ಹೆಚ್ಚಲಿಲ್ಲ. ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

ಕೆಂಚವ್ವ ಹಿಗ್ಗಿ ತಾನೇ ಮುಂದೆ ಬಂದು ಕೂತಳು. "ನನಗೂ ಇಡಸ ನಡಿ."

ಲಕ್ಷ್ಮಿಬಾಯಿ ಅವಳ ಕೈ ಹಿಡಿದವಳೇ ಥಟ್ಟನೆ ಬೆಚ್ಚಿದಳು. ಬೆರಳಲ್ಲಿದ್ದ ಬಳೆ ಚಟ್ಟೆಂದು ಹೆಚ್ಚಿತು. ಕೆಂಚವ್ವನ ಕೈ ಬರ್ಫ. ಬಲದ ತೋರುಬೆರಳ ತುದಿ ಕರ್ರಗೆ.

"ಯವ್ವಾ," ಎಂದಳು ಲಕ್ಷ್ಮಿಬಾಯಿ ಡಾಕ್ಟರಳ ಧಾಟಿಯಲ್ಲಿ, "ಮಿಶ್ರಿ ದಿನಕ್ಕ ಎಷ್ಟ ಸಲ?"

ಅಂಗಳದ ಇಪ್ಪತ್ತು ಹೆಂಗಸರ ಕೈ ಒಮ್ಮೆಲೇ ತಮ್ಮ ತಮ್ಮ ಟೊಂಕಕ್ಕೆ ಹೋದವು. ಕೆಂಚವ್ವ ಮಾತ್ರ ಸೆಟೆದು ಕೂತಳು.

"ಮಿಶ್ರಿದೇನ ಕೇಳತಿಬೇ," ಎಂದಳು. "ನಾ ಏನ ತಂಬಾಕ ತಿಂತೇನಿ?"